ಹರಟೆಗೆ ರಾಜಧಾನಿ ಬೇಕೇ?

‘ಹರಟೆ’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಹೆತ್ತವರು ಹುಬ್ಬು ಗಂಟಿಕ್ಕುತ್ತಾರೆ. ಅಧ್ಯಾಪಕರಾದ ನಾವೂ ಅದಕ್ಕೆ ಹೊರತಲ್ಲ. ತರಗತಿಯಲ್ಲಿ ಹರಟೆ ಹೊಡೆದವರನ್ನು ಎಬ್ಬಿಸಿ ನಿಲ್ಲಿಸುವುದು ನಮ್ಮ ವೃತ್ತಿಧರ್ಮವೇ ಆಗಿಬಿಟ್ಟಿದೆ. ಆದರೂ ಶಾಲೆಯ ಈ ವಾರ್ಷಿಕ ಸಂಚಿಕೆಯಲ್ಲಿ ಹರಟೆಯ ಪರವಾಗಿ ನಾಲ್ಕು ಮಾತು ಬರೆಯಲು ಹೊರಟಿದ್ದೇವೆ. ಅದಕ್ಕೆ ಕಾರಣವುಂಟು.

ಪರಿಸರ ಸಂರಕ್ಷಣೆಯ ಬಗ್ಗೆ ಎರಡು ಪುಟ ಪ್ರಬಂಧ ಬರೆಯಬಲ್ಲ ನಮ್ಮ ವಿದ್ಯಾರ್ಥಿಗೆ, ‘ನಿನ್ನೆ ಸಂಜೆ ಮನೆಯಲ್ಲಿ ಏನು ನಡೆಯಿತೆಂದು ಗೆಳೆಯನಿಗೆ ಐದು ಸಾಲು ಬರೆ’ ಎಂದರೆ ಪೆನ್ನು ಮುಂದೆ ಓಡುವುದಿಲ್ಲ. ಇದನ್ನು ನಾವು ವರ್ಷ ವರ್ಷವೂ ಕಾಣುತ್ತಿದ್ದೇವೆ. ಇದು ಮಕ್ಕಳ ತಪ್ಪಲ್ಲ. ನಮ್ಮ ಕಾಸರಗೋಡಿನಲ್ಲಿ ತುಳು, ಮಲೆಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ ಎಂದು ಮನೆಗೊಂದು ನುಡಿ. ಅನೇಕರಿಗೆ ಕನ್ನಡವು ಶಾಲೆಯ ಮಾತು. ಪಾಠದ, ಪ್ರಾರ್ಥನೆಯ, ಭಾಷಣದ ಮಾತು. ಫೋನಿನಲ್ಲಿ ಗೆಳೆಯನಿಗೆ ಎರಡು ಸಾಲು ಕಳಿಸುವಾಗ ಅದು ಇಂಗ್ಲಿಷ್ ಅಕ್ಷರದ ತುಳುವೋ ಮಲೆಯಾಳವೋ ಆಗುತ್ತದೆ. ಮನೆಮಾತನ್ನು ನಾವು ಹಳಿಯುವುದಿಲ್ಲ. ಆದರೆ ಪರೀಕ್ಷೆಗಾಗಿ ಮಾತ್ರ ಉಳಿದ ಭಾಷೆ, ಪರೀಕ್ಷೆ ಮುಗಿದ ದಿನ ಪುಸ್ತಕಗಳ ಜತೆಗೆ ಅಟ್ಟ ಸೇರುತ್ತದೆ. ಭಾಷೆಗೆ ಉಸಿರಾಡಲು ಹರಟೆ ಬೇಕು.

ಹಿಂದೆ ಹರಟೆಯ ಸ್ಥಳ ಮನೆಯ ಜಗಲಿಯಾಗಿತ್ತು. ಎಲೆ ಅಡಿಕೆಯ ಹರಿವಾಣ ನಡುವಿನಲ್ಲಿಟ್ಟು ಕುಳಿತರೆ ಮಳೆ, ಬೆಳೆ, ಯಕ್ಷಗಾನ, ಮದುವೆ ಎಲ್ಲವೂ ಅಲ್ಲಿ ಬಂದುಹೋಗುತ್ತಿದ್ದುವು. ಇಂದಿನ ಜಗಲಿ ಫೋನಿನೊಳಗಿದೆ. ಅದಕ್ಕಾಗಿ ನಿಟ್ಟುಸಿರು ಬಿಡುವುದರಿಂದ ಪ್ರಯೋಜನವಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಆ ಜಗಲಿ ಯಾರದು? ಆರ್ಕುಟ್ 2014ರಲ್ಲಿ ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿತು. 2020ರಲ್ಲಿ ಕನ್ನಡದಿಂದಲೇ ಆರಂಭವಾದ ‘ಕೂ’ 2024ರಲ್ಲಿ ನಿಂತುಹೋಯಿತು. ಒಡೆಯನು ಒಬ್ಬನೇ ಆದಲ್ಲಿ, ಅವನು ಬಾಗಿಲು ಹಾಕಿದ ದಿನ ಕುಳಿತವರೆಲ್ಲರೂ ಒಟ್ಟಿಗೇ ಎದ್ದುಹೋಗಬೇಕಾಗುತ್ತದೆ. ಆಡಿದ ಮಾತೂ ಚದುರುತ್ತದೆ, ಕೂಡಿದ ಬಳಗವೂ ಚದುರುತ್ತದೆ.

ಇದಕ್ಕಿಂತ ಬೇರೆಯಾದ ಒಂದು ಏರ್ಪಾಡೂ ಇದೆ. ಇ–ಮೇಲನ್ನು ನೋಡಿ. ನಮ್ಮ ವಿಳಾಸ ಒಂದು ಕಂಪೆನಿಯದು, ನಿಮ್ಮದು ಇನ್ನೊಂದರದು; ಆದರೂ ಪತ್ರ ತಲಪುತ್ತದೆ. ಹರಟೆಯನ್ನೂ ಇದೇ ರೀತಿಯಲ್ಲಿ ನಡೆಸುವ ತಂತ್ರಾಂಶಗಳಲ್ಲಿ ಹೆಸರಾದುದು ಮಾಸ್ಟೊಡಾನ್. ಜರ್ಮನಿಯ ಯುಗೆನ್ ರೊಚ್ಕೊ ಎಂಬ ತರುಣ ಇದನ್ನು 2016ರಲ್ಲಿ ಹೊರತಂದ. ಯಾರು ಬೇಕಾದರೂ ತಮ್ಮದೇ ಸರ್ವರಿನಲ್ಲಿ ಇದನ್ನು ನಡೆಸಬಹುದು. ಪ್ರತಿಯೊಂದು ಸರ್ವರೂ ಒಂದು ಜಗಲಿ. ಅದಕ್ಕೊಬ್ಬ ಯಜಮಾನ, ಅದರದೇ ನಿಯಮ. ಆದರೆ ಈ ಜಗಲಿಯವರು ಆ ಜಗಲಿಯವರ ಮಾತು ಕೇಳಬಹುದು, ಉತ್ತರ ಕೊಡಬಹುದು. ಇದಕ್ಕೆ ಆಧಾರವಾದ ಆಕ್ಟಿವಿಟಿಪಬ್ ಎಂಬ ಒಪ್ಪಂದವನ್ನು ಡಬ್ಲ್ಯು.ತ್ರೀ.ಸಿ. ಸಂಸ್ಥೆ 2018ರ ಜನವರಿಯಲ್ಲಿ ಅಂಗೀಕರಿಸಿತು.

ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಮಗೆ ಇದೇನೂ ಹೊಸತಾಗಿ ತೋರಬೇಕಾಗಿಲ್ಲ. ನಮ್ಮ ತಾಳಮದ್ದಳೆ ನಡೆಯುವುದು ಹೇಗೆ? ಬೇರೆ ಬೇರೆ ಊರಿನ ಅರ್ಥಧಾರಿಗಳು ಬಂದು ಕುಳಿತುಕೊಳ್ಳುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಆದರೆ ಪ್ರಸಂಗ ಎಲ್ಲರಿಗೂ ಗೊತ್ತು. ಆ ಒಂದು ಒಪ್ಪಂದದ ಬಲದಿಂದಲೇ ಇಡೀ ರಾತ್ರಿ ಮಾತು ಬೆಳೆಯುತ್ತದೆ. ಅಲ್ಲಿ ಒಳ್ಳೆಯ ಅರ್ಥಧಾರಿ ಯಾರು? ಹೆಚ್ಚು ಮಾತಾಡುವವನಲ್ಲ, ಎದುರಾಳಿಯ ಮಾತನ್ನು ಪೂರ್ತಿ ಕೇಳಿ, ಅದಕ್ಕೆ ತಕ್ಕ ಉತ್ತರ ಕೊಡುವವನು.

ಈ ಹೋಲಿಕೆಯನ್ನು ಸುಮ್ಮನೆ ಕೊಟ್ಟುದಲ್ಲ. 2019ರ ನವೆಂಬರಿನಲ್ಲಿ ಭಾರತದ ಅನೇಕರು ಟ್ವಿಟರಿನ ಮೇಲಿನ ಅಸಮಾಧಾನದಿಂದ ಮಾಸ್ಟೊಡಾನಿಗೆ ಹೋದರು. 2022ರ ಅಕ್ಟೋಬರಿನಲ್ಲಿ ಟ್ವಿಟರ್ ಕೈ ಬದಲಾದಾಗ ಜಗತ್ತಿನ ಎಲ್ಲೆಡೆಯಿಂದ ಜನರು ಹೋದರು. ಹೋದವರಲ್ಲಿ ಬಹಳಷ್ಟು ಮಂದಿ ಹಿಂದಿರುಗಿದರು. ಏಕೆಂದರೆ ಮಾಸ್ಟೊಡಾನಿನಲ್ಲಿ, ನಮ್ಮ ಮನಸ್ಸು ಕೆಣಕುವ ಮಾತುಗಳನ್ನು ಆರಿಸಿ ಎದುರಿಗೆ ತಂದೊಡ್ಡುವ ಯಂತ್ರವಿಲ್ಲ. ನಾವು ಹಿಂಬಾಲಿಸಿದವರ ಬರಹ ಬರೆದ ಹೊತ್ತಿನ ಕ್ರಮದಲ್ಲಿ ಬರುತ್ತದೆ, ಅಷ್ಟೇ. ಗೆಳೆಯರನ್ನು ನಾವೇ ಹುಡುಕಬೇಕು, ನಾವೇ ಮಾತಾಡಿಸಬೇಕು. ಕೂಗಿ ಹೋಗುವವನಿಗೆ ಅದು ಬರಿದಾದ ಅಂಗಳ. ನಿಂತು ಉತ್ತರಿಸುವವನಿಗೆ ಮಾತ್ರ ಜಗಲಿ. ಇದನ್ನು ಕೆಲವರು ದೋಷವೆನ್ನುತ್ತಾರೆ. ನಮಗೆ ಅದು ಶಿಕ್ಷಣವೆಂದು ತೋರುತ್ತದೆ.

ಗಡಿನಾಡಿನವರಾದ ನಮಗೆ ಇದರಲ್ಲಿ ಇನ್ನೊಂದು ಲಾಭವೂ ಇದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ನಮ್ಮ ಕನ್ನಡದ ಮುಖ ಒಂದೇ ದಿಕ್ಕಿಗೆ, ಬೆಂಗಳೂರಿನ ಕಡೆಗೆ, ತಿರುಗಿದೆ. ತಾಳವಾಡಿಯವರೂ ಆ ಕಡೆಗೇ ನೋಡುತ್ತಾರೆ. ಅಕ್ಕಲಕೋಟೆ, ಜತ್ತ, ಆದವಾನಿ, ಮಡಕಶಿರಾದವರೂ ಆ ಕಡೆಗೇ ನೋಡುತ್ತಾರೆ. ನಾವು ಒಬ್ಬರನ್ನೊಬ್ಬರು ನೋಡಿದ್ದೇವೆಯೇ? ಜತ್ತದ ಕನ್ನಡ ಶಾಲೆಯ ಹುಡುಗಿಗೆ ಬೀದಿಯಲ್ಲಿ ಮರಾಠಿ, ಮಂಜೇಶ್ವರದ ಹುಡುಗಿಗೆ ಪೇಟೆಯಲ್ಲಿ ಮಲೆಯಾಳ. ಇಬ್ಬರ ಪಾಡೂ ಒಂದೇ. ಪರಿಚಯ ಮಾತ್ರ ಇಲ್ಲ. ಇಲ್ಲಿ ಮಳೆ ಹೆಚ್ಚಾಗಿ ಅಡಿಕೆಗೆ ಕೊಳೆರೋಗ ಬಂತೆಂದು ಇವಳು ಬರೆದರೆ, ಮಳೆಗಾಗಿ ಮುಗಿಲು ನೋಡುತ್ತಿದ್ದೇವೆಂದು ಅವಳು ಉತ್ತರಿಸಬಹುದು. ನೀರುದೋಸೆಯ ಮಾತಿಗೆ ಜೋಳದ ರೊಟ್ಟಿಯ ಮಾತು ಬರಬಹುದು. ಇವಕ್ಕೆ ಅಂಕವಿಲ್ಲ, ಬಹುಮಾನವಿಲ್ಲ. ಆದರೆ ಆ ಹತ್ತು ಸಾಲುಗಳಲ್ಲಿ ಕನ್ನಡವು ಶಾಲೆಯ ಗೇಟು ದಾಟಿ ಹೊರಗೆ ಕಾಲಿಟ್ಟಿರುತ್ತದೆ. ಇಂತಹ ಮಾತಿಗೆ ಯಾವ ರಾಜಧಾನಿಯ ಅಪ್ಪಣೆಯೂ ಬೇಡ.

ಹಾಗೆಂದು ಈ ಏರ್ಪಾಡು ಸ್ವರ್ಗವೆಂದು ನಾವು ಹೇಳುವುದಿಲ್ಲ. ಕನ್ನಡದ ಮಾತು ಅಲ್ಲಿ ಇನ್ನೂ ವಿರಳ. ಬಹುಪಾಲು ಸರ್ವರುಗಳನ್ನು ನಡೆಸುವವರು ಸ್ವಯಂಸೇವಕರು. ಖರ್ಚೂ ಅವರದೇ, ಬೈಗುಳದ ಕಸ ಗುಡಿಸುವ ಕೆಲಸವೂ ಅವರದೇ. ದಣಿದವರು ಮುಚ್ಚಿಬಿಡುವುದೂ ಉಂಟು. 2022 ಮತ್ತು 2023ರಲ್ಲಿ ಸಾಕಷ್ಟು ದೊಡ್ಡ ಸರ್ವರುಗಳೇ ಹಾಗೆ ಮುಚ್ಚಿದುವು. ಮೊದಲೇ ತಿಳಿದರೆ ಇನ್ನೊಂದು ಜಗಲಿಗೆ ಹೋಗಬಹುದು, ಹಿಂಬಾಲಿಸುವವರೂ ಜತೆಗೆ ಬರುತ್ತಾರೆ. ಆದರೆ ಹಳೆಯ ಬರಹ ಬರುವುದಿಲ್ಲ. ಖಾಸಗಿಯಾಗಿ ಕಳಿಸಿದ ಮಾತನ್ನು ಸರ್ವರಿನ ಯಜಮಾನ ಬಯಸಿದರೆ ಓದಬಲ್ಲ. ಒಮ್ಮೆ ಹತ್ತು ಕಡೆಗೆ ಹೋದ ಮಾತು ನಾವು ಅಳಿಸಿದರೂ ಎಲ್ಲ ಕಡೆಯೂ ಅಳಿದೀತೆಂಬ ಭರವಸೆಯಿಲ್ಲ. ಆದ್ದರಿಂದ ಮನೆಯ ವಿಳಾಸ, ಫೋನ್ ನಂಬರು, ಭಾವಚಿತ್ರ ಯಾವುದನ್ನೂ ಅಲ್ಲಿ ಇಡಬಾರದು. ನಮ್ಮ ದೇಶದ 2023ರ ವೈಯಕ್ತಿಕ ದತ್ತಾಂಶ ಕಾಯಿದೆಯೂ 18 ತುಂಬದವರನ್ನು ಮಕ್ಕಳೆಂದೇ ಎಣಿಸಿ, ಅವರ ವಿವರಗಳನ್ನು ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ.

ಹಾಗಾದರೆ ಪ್ರೌಢಶಾಲೆಯಲ್ಲಿ ಏನು ಮಾಡಬಹುದು? ನಮ್ಮ ಸೂಚನೆ ಸರಳವಾದುದು. ಮಕ್ಕಳು ಒಬ್ಬೊಬ್ಬರಾಗಿ ಖಾತೆ ತೆರೆಯುವುದು ಬೇಡ. ಹೆತ್ತವರಿಗೆ ತಿಳಿಸಿ, ತರಗತಿಗೆ ಒಂದೇ ಖಾತೆ ಇರಲಿ. ಅದರ ಬೀಗದ ಕೈ ಅಧ್ಯಾಪಕರ ಬಳಿ ಇರಲಿ. ವಾರಕ್ಕೊಂದು ಪೀರಿಯಡಿನಲ್ಲಿ ಮಕ್ಕಳು ಹೆಸರು ಹಾಕದೆ ಐದು ಸಾಲು ಬರೆಯಲಿ, ಕನ್ನಡ ಲಿಪಿಯಲ್ಲೇ ಬರೆಯಲಿ. ನಡುವೆ ತುಳುವಿನ ಒಂದು ಶಬ್ದ ನುಸುಳಿದರೆ ಕೆಂಪು ಶಾಯಿ ಹಿಡಿದು ಓಡಬೇಕಾಗಿಲ್ಲ. ಒಂದು ಕಟ್ಟುಪಾಡು ಮಾತ್ರ ಇರಲಿ: ಐದು ಸಾಲು ಬರೆಯುವ ಮೊದಲು ಬೇರೆ ಯಾರಾದರೂ ಇಬ್ಬರ ಬರಹವನ್ನು ಪೂರ್ತಿ ಓದಿ ಉತ್ತರಿಸಬೇಕು. ಗಡಿಯಾಚೆಯ ಒಂದು ಕನ್ನಡ ಶಾಲೆ ನಮ್ಮೊಡನೆ ಕೈಜೋಡಿಸಿದರೂ ಸಾಕು, ಕೆಲಸ ಆರಂಭವಾದಂತೆಯೇ.

ಹೆತ್ತವರು, ‘ಇದರಿಂದ ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಅಂಕ ಬರುತ್ತದೆ?’ ಎಂದು ಕೇಳಬಹುದು. ಒಂದು ಅಂಕವೂ ಬಾರದು. ಆದರೆ ಪರೀಕ್ಷೆ ಮುಗಿದ ಮರುದಿನವೂ ನಿಮ್ಮ ಮಗಳು ಯಾರಿಗಾದರೂ ಕನ್ನಡದಲ್ಲಿ ನಾಲ್ಕು ಸಾಲು ಬರೆದಾಳು. ಅಧ್ಯಾಪಕರಾದ ನಮಗೆ ಬೇಕಾದ ಫಲಿತಾಂಶ ಅದು.