ಇಡೀ ಮೈ ಸ್ಕ್ಯಾನು ಯಾರಿಗೆ ಸ್ವಾಮಿ?

ಏನೂ ಕಾಯಿಲೆ ಇಲ್ಲದ ದುಡ್ಡಿದ್ದವರು ತಲೆಯಿಂದ ಕಾಲಿನವರೆಗೆ ಎಂಆರ್‌ಐ ಮಾಡಿಸಿಕೊಳ್ಳೋದು ಈಗೊಂದು ಶೋಕಿ. 2023ರಲ್ಲಿ ಕಿಮ್ ಕಾರ್ಡಾಶಿಯನ್ ಇದನ್ನು ಹೊಗಳಿದ್ದೇ ತಡ, ಲೋಕಕ್ಕೆಲ್ಲ ಸುದ್ದಿ. ರೋಗಲಕ್ಷಣ ಇಲ್ಲದವರಿಗೆ ಇದನ್ನು ಶಿಫಾರಸು ಮಾಡಲು ಸಾಕಷ್ಟು ಪುರಾವೆ ಇಲ್ಲ ಅಂತ ಅಮೆರಿಕದ ರೇಡಿಯಾಲಜಿ ವೈದ್ಯರ ಸಂಘ ಅದೇ ವರ್ಷ ಹೇಳಿದ್ದನ್ನು ಕೇಳಿದವರೆಷ್ಟು ಮಂದಿ?

ಇರಲಿ, ಅವರ ದುಡ್ಡು ಅವರಿಷ್ಟ. ನನ್ನ ಜಗಳ ಬೇರೆ.

ನ್ಯೂರೋಫೈಬ್ರೊಮಟೋಸಿಸ್ ಅಂತೊಂದು ಕಾಯಿಲೆ. ಜೀನಿನ ದೋಷದಿಂದ ನರಗಳ ಮೇಲೆ ಗಡ್ಡೆ ಬೆಳೆಯುತ್ತವೆ. ಮುಟ್ಟಿದರೆ ಅಂಟೋದಿಲ್ಲ, ಯಾವ ಶಾಪವೂ ಅಲ್ಲ. ಅರ್ಧದಷ್ಟು ಜನರಿಗೆ ಅಪ್ಪ-ಅಮ್ಮನಿಂದಲೂ ಬಂದಿರೋದಿಲ್ಲ. ಇದರ ಮೊದಲ ಬಗೆ ಸುಮಾರು 3000 ಜನರಲ್ಲಿ ಒಬ್ಬರಿಗೆ. 2011ರ ಜನಗಣತಿಯಂತೆ ತುಮಕೂರು ನಗರದಲ್ಲಿ 3 ಲಕ್ಷ ಜನ. ಲೆಕ್ಕ ಹಾಕಿ, ನಮ್ಮೂರೊಂದರಲ್ಲೇ ನೂರು ಮಂದಿ! 'ಅಪರೂಪ' ಅಂದುಬಿಟ್ಟರೆ ಆಯಿತೇ?

'ಮೈಮೇಲಿನ ಕಾಫಿ ಬಣ್ಣದ ಮಚ್ಚೆ ಎಣಿಸಿದರೆ ಸಾಕಲ್ಲ, ಸ್ಕ್ಯಾನ್ ಯಾಕೆ' ಅನ್ನುವವರಿದ್ದಾರೆ. ಅರ್ಧ ಸತ್ಯ. ಆರು ಅಥವಾ ಅದಕ್ಕಿಂತ ಹೆಚ್ಚು ಮಚ್ಚೆ, ಕಂಕುಳಲ್ಲಿ ಚುಕ್ಕೆ, ಕಣ್ಣಿನ ಪರೀಕ್ಷೆ, ಇಷ್ಟರಲ್ಲೇ ಬಹಳಷ್ಟು ಸಲ ಕಾಯಿಲೆ ಗೊತ್ತಾಗುತ್ತೆ. ಆದರೆ ಹೊಟ್ಟೆಯೊಳಗೆ, ಬೆನ್ನುಮೂಳೆ ಪಕ್ಕ ಅಡಗಿದ ಗಡ್ಡೆ ಯಾವ ಕಣ್ಣಿಗೆ ಕಾಣುತ್ತೆ? ಅವುಗಳಲ್ಲಿ ಕೆಲವು ಮುಂದೆ ಕ್ಯಾನ್ಸರ್ ಆಗಬಲ್ಲವು. ಇನ್ನು ಶ್ವಾನೊಮಟೋಸಿಸ್‌ನಲ್ಲಿ ಎಷ್ಟೋ ಸಲ ಮೈಮೇಲೆ ಗುರುತೇ ಇಲ್ಲ, ಬರೀ ನೋವು. ಅಲ್ಲಿ ಬೇರೆ ಬೇರೆ ಜಾಗದ ಗಡ್ಡೆಗಳನ್ನು ಒಟ್ಟಿಗೆ ನೋಡಿದರೇನೇ ರೋಗದ ಸುಳಿವು.

ನಮ್ಮ ಉಪ್ಪಾರಹಳ್ಳಿಯ ಹುಡುಗನೊಬ್ಬನನ್ನು ಬಲ್ಲೆ. ಬೆನ್ನಿಗೊಂದು ಸ್ಕ್ಯಾನು, ತೊಡೆಗೊಂದು, ತಲೆಗೊಂದು. ಪ್ರತಿ ಸಲ ಬೆಂಗಳೂರಿನ ರೈಲು, ಅಪ್ಪನ ಕೂಲಿ ಖೋತಾ. ಮೂರು ಕವರಿನ ಫಿಲ್ಮುಗಳನ್ನು ಒಟ್ಟಿಗೆ ಹಿಡಿದು ನೋಡಿದ ಡಾಕ್ಟರು ಒಬ್ಬರೂ ಇಲ್ಲ. ಮನುಷ್ಯನನ್ನು ತುಂಡು ತುಂಡಾಗಿ ನೋಡೋದು ಅಂದರೆ ಇದೇ.

ಇಡೀ ಮೈ ಎಂಆರ್‌ಐಗೆ ವಿಕಿರಣ ಇಲ್ಲ. ಸುಮಾರು ಒಂದು ಗಂಟೆ ಅಲ್ಲಾಡದೆ ಮಲಗಬೇಕು, ಅಷ್ಟೆ. ಈಗಿನ ಬಹುತೇಕ ಯಂತ್ರಗಳಲ್ಲೇ ಮಾಡಬಹುದು. ಈ ರೋಗಿಗಳಿಗೆ 16ರಿಂದ 20ರ ವಯಸ್ಸಿನೊಳಗೆ ಒಮ್ಮೆ ಮಾಡೋದನ್ನು ಪರಿಗಣಿಸಿ ಅಂತ ತಜ್ಞರು 2017ರಲ್ಲೇ ಹೇಳಿದ್ದಾರೆ. ಹಾಗಂತ ಇದೇ ಸರ್ವಸ್ವ ಅಲ್ಲ, ಕಿವಿಯ ನರದ ಸಣ್ಣ ಗಡ್ಡೆಗೆ ಬೇರೆ ಸೂಕ್ಷ್ಮ ಸ್ಕ್ಯಾನು ಬೇಕೇ ಬೇಕು.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಕಾಯಿಲೆ ಇದೆಯೆಂದು ಗೊತ್ತಾದವರಿಗೆ ಸರ್ಕಾರಿ ದರದಲ್ಲಿ ಒಂದೇ ಒಂದು ಪೂರ್ತಿ ಸ್ಕ್ಯಾನು, ಅದನ್ನು ಪೂರ್ತಿ ಓದುವ ಒಬ್ಬ ಡಾಕ್ಟರು. ಆರೋಗ್ಯವಂತರ ಶೋಕಿಗೆ ಬಿಡುವಿರುವ ಯಂತ್ರಕ್ಕೆ ರೋಗಿಗೆ ಒಂದು ಗಂಟೆ ಇಲ್ಲವೇ?

ನೀವೇನಂತೀರಿ?