ಹತ್ತರ ನಾಣ್ಯಕ್ಕೂ ಎಂಟಾಣೆಯ ಗತಿ ಬರುವ ಮುನ್ನ

ನಾಲ್ಕಾಣೆಯನ್ನು ಕೇಂದ್ರ ಸರ್ಕಾರವೇ ರದ್ದು ಮಾಡಿತು. 2011ರ ಜೂನ್ 30ಕ್ಕೆ ಅದರ ಚಲಾವಣೆ ಮುಗಿಯಿತು. ಎಂಟಾಣೆಯನ್ನು ಮಾತ್ರ ಯಾರೂ ರದ್ದು ಮಾಡಲಿಲ್ಲ. ಐವತ್ತು ಪೈಸೆಯ ನಾಣ್ಯ ಕಾನೂನಿನ ಪ್ರಕಾರ ಇವತ್ತಿಗೂ ಹಣವೇ. ಆದರೆ ಅಂಗಡಿಯಲ್ಲಿ ಕೊಟ್ಟು ನೋಡಿ, ಯಾರೂ ಮುಟ್ಟುವುದಿಲ್ಲ. ಮೊದಲು ಅಂಗಡಿಯವರು ಬೇಡ ಎಂದರು, ಆಮೇಲೆ ಕಂಡಕ್ಟರ್ ಬೇಡ ಎಂದರು, ಕೊನೆಗೆ ಗಿರಾಕಿಗಳೂ ಕೈಯೊಡ್ಡುವುದನ್ನು ಬಿಟ್ಟರು. ಆದೇಶವಿಲ್ಲ, ಪ್ರಕಟಣೆಯಿಲ್ಲ, ನಾಣ್ಯ ಮಾತ್ರ ಕಣ್ಮರೆಯಾಯಿತು. ಹತ್ತು ರೂಪಾಯಿಯ ನಾಣ್ಯ ಈಗ ಅದೇ ದಾರಿ ಹಿಡಿದಿದೆ. ಎಂಟಾಣೆ ಹೋದಾಗ ಹೆಚ್ಚು ನಷ್ಟವಾಗಲಿಲ್ಲ. ಹತ್ತು ರೂಪಾಯಿ ಹಾಗಲ್ಲ, ಒಂದು ಕಟ್ಟು ಸೊಪ್ಪು, ಒಂದು ಲೋಟ ಚಹಾ ಇವತ್ತಿಗೂ ಅದರ ಆಸುಪಾಸಿನಲ್ಲೇ ಇವೆ.

ಬೆಂಗಳೂರಿನಲ್ಲೇ ಒಂದು ಬಡಾವಣೆಯಲ್ಲಿ ನಡೆಯುವ ಹತ್ತರ ನಾಣ್ಯ ಪಕ್ಕದ ಬಡಾವಣೆಯಲ್ಲಿ ನಡೆಯುವುದಿಲ್ಲ. ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ‘ಇದು ಇಲ್ಲಿ ನಡಿಯಂಗಿಲ್ರೀ, ನೋಟ್ ಇದ್ರ ಕೊಡ್ರಿ’ ಎನ್ನುವುದು ದಿನದ ಮಾತು. ರೂಪಾಯಿಯ ಹೊಸ ಚಿಹ್ನೆ ಇಲ್ಲದ್ದು ಖೋಟಾ, ಗೆರೆಗಳ ಲೆಕ್ಕ ತಪ್ಪಿದ್ದು ಖೋಟಾ ಎಂಬ ವದಂತಿಗಳು ವರ್ಷಗಳಿಂದ ಹರಿದಾಡುತ್ತಿವೆ. ಚಿಹ್ನೆ ಜಾರಿಗೆ ಬಂದದ್ದು 2010ರಲ್ಲಿ. ಅದಕ್ಕೆ ಮೊದಲು ಟಂಕಿಸಿದ ನಾಣ್ಯದಲ್ಲಿ ಅದು ಇರಲು ಸಾಧ್ಯವೇ ಇಲ್ಲ. 2018ರ ಜನವರಿಯವರೆಗೆ ಬಂದ ಹತ್ತರ ನಾಣ್ಯದ 14 ವಿನ್ಯಾಸಗಳೂ ಅಸಲಿಯೇ ಎಂದು ರಿಸರ್ವ್ ಬ್ಯಾಂಕ್ ಆ ತಿಂಗಳು ಸ್ಪಷ್ಟಪಡಿಸಿತು. ಆದರೂ ವದಂತಿ ನಿಂತಿಲ್ಲ.

ಇದರಲ್ಲಿ ಅಂಗಡಿಯವರನ್ನು ಮಾತ್ರ ದೂರುವುದು ಅನ್ಯಾಯ. ನಾಣ್ಯ ಅಸಲಿ ಎಂದು ಅವರಲ್ಲಿ ಬಹುಪಾಲು ಜನರಿಗೆ ಗೊತ್ತಿದೆ. ‘ನಾನು ತಗೊಂಡ್ರೆ ನನ್ನ ಹತ್ರ ಯಾರು ತಗೋತಾರೆ?’ ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದದ್ದು ಬ್ಯಾಂಕು. ಯಾವ ಶಾಖೆಯೂ ನಾಣ್ಯ ನಿರಾಕರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಪದೇ ಪದೇ ಹೇಳಿದೆ. ಒಂದು, ಎರಡು ರೂಪಾಯಿಯವನ್ನು ಎಣಿಸುವ ಬದಲು ತೂಗಿ ತೆಗೆದುಕೊಳ್ಳಿ ಎಂದೂ ಸೂಚಿಸಿದೆ. ಹಾಗಿದ್ದರೂ ನಾಣ್ಯದ ಚೀಲ ಹಿಡಿದು ಹೋದವರಿಗೆ ಕೌಂಟರಿನಲ್ಲಿ ‘ಸೋಮವಾರ ಬನ್ನಿ’, ‘ಎಣಿಸೋಕೆ ಜನ ಇಲ್ಲ’ ಎಂಬ ಮಾತು ಸಿಗುವುದುಂಟು. ಬ್ಯಾಂಕೇ ಮುಖ ತಿರುಗಿಸಿದ ನಾಣ್ಯವನ್ನು ಸೊಪ್ಪು ಮಾರುವ ಅಜ್ಜಿ ಯಾವ ಧೈರ್ಯದ ಮೇಲೆ ಇಸಿದುಕೊಳ್ಳಬೇಕು?

ನೋಟಿನ ಕಥೆಯೂ ಇದಕ್ಕೆ ಕೂಡಿಕೊಂಡಿದೆ. ದೇಶದಲ್ಲಿ ನಗದು ಕಡಿಮೆಯಾಗಿಲ್ಲ. ಆದರೆ ಅದು ಒಂದೇ ನೋಟಿನೊಳಗೆ ಸೇರಿಕೊಂಡಿದೆ. 2024ರ ಮಾರ್ಚ್ ಅಂತ್ಯಕ್ಕೆ ಚಲಾವಣೆಯಲ್ಲಿದ್ದ ನೋಟುಗಳ ಒಟ್ಟು ಮೌಲ್ಯದಲ್ಲಿ ಶೇ 86.5ರಷ್ಟು 500 ರೂಪಾಯಿಯದ್ದು. ಎಟಿಎಂಗೆ ಹೋದವರ ಕೈಗೆ ಅದೇ ಬರುತ್ತದೆ. ಅದನ್ನು ಮುರಿಸಲು ಬೇಡದ ಬಿಸ್ಕತ್ತು ಕೊಳ್ಳಬೇಕು, ಇಲ್ಲವೇ ಮೂರು ಅಂಗಡಿ ಅಲೆಯಬೇಕು. 2025ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಎಟಿಎಂಗಳಲ್ಲಿ 100 ಅಥವಾ 200ರ ನೋಟು ಸಿಗಲೇಬೇಕು ಎಂದು ಆದೇಶಿಸಿ, ಅದೇ ವರ್ಷದ ಸೆಪ್ಟೆಂಬರ್‌ಗೆ ಶೇ 75, 2026ರ ಮಾರ್ಚ್‌ಗೆ ಶೇ 90ರಷ್ಟು ಯಂತ್ರಗಳಿಗೆ ಗಡುವು ಕೊಟ್ಟಿತು. ಇದು ಸ್ವಾಗತಾರ್ಹ. ಆದರೆ ನೂರರ ಕೆಳಗಿನ ನೋಟಿನ ಬಗ್ಗೆ ಆ ಆದೇಶದಲ್ಲಿ ಮಾತಿಲ್ಲ. ಸಂತೆಯಲ್ಲಿ ಕೈಯಿಂದ ಕೈಗೆ ಹೋಗುವ ಹತ್ತರ ನೋಟು ಬೆವರಿನಲ್ಲಿ ನೆಂದು, ಹರಿದು, ಟೇಪು ಹಚ್ಚಿಸಿಕೊಂಡು ಓಡಾಡುತ್ತಿದೆ. ಹರಿದ ನೋಟನ್ನು ಯಾವ ಬ್ಯಾಂಕ್ ಶಾಖೆಯಲ್ಲಾದರೂ ಬದಲಿಸಿಕೊಳ್ಳಬಹುದು ಎಂಬುದೇ ಎಷ್ಟೋ ಜನರಿಗೆ ತಿಳಿದಿಲ್ಲ. ತಿಳಿಸುವ ಫಲಕ ಎಷ್ಟು ಶಾಖೆಗಳಲ್ಲಿ ಕಣ್ಣಿಗೆ ಬೀಳುತ್ತದೆ?

ಬಸ್ಸಿನಲ್ಲಿ ಈ ಕೊರತೆಯ ಬಿಸಿ ದಿನಾ ತಟ್ಟುತ್ತದೆ. ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುವುದು, ‘ಇಳಿಯೋವಾಗ ತಗೊಳ್ಳಿ’ ಎನ್ನುವುದು, ತಮ್ಮ ನಿಲ್ದಾಣ ಬಂದ ಗಡಿಬಿಡಿಯಲ್ಲಿ ಪ್ರಯಾಣಿಕರು ಮರೆತು ಇಳಿಯುವುದು ಎಲ್ಲರೂ ಕಂಡದ್ದೇ. 2025ರ ಜನವರಿಯಲ್ಲಿ ಬಿಎಂಟಿಸಿಯ ಕನಿಷ್ಠ ದರ ಐದರಿಂದ ಆರು ರೂಪಾಯಿಗೆ ಏರಿತು. ಒಂದೊಂದು ರೂಪಾಯಿ ಹುಡುಕುವ ಹೊರೆ ಬಿದ್ದದ್ದು ಕಂಡಕ್ಟರುಗಳ ಮೇಲೆ. ದರ ನಿಗದಿ ಮಾಡುವವರು ಚಿಲ್ಲರೆ ಎಲ್ಲಿಂದ ಬರುತ್ತದೆ ಎಂದೂ ಯೋಚಿಸಬೇಕಿತ್ತು. ಒಬ್ಬ ಪ್ರಯಾಣಿಕರಿಗೆ ಒಂದು ರೂಪಾಯಿ ದೊಡ್ಡದಲ್ಲದಿರಬಹುದು. ದಿನಗೂಲಿಯವರಿಗೆ ಬಸ್ಸಿನಲ್ಲಿ ಒಂದು, ಔಷಧಿ ಅಂಗಡಿಯಲ್ಲಿ ಚಿಲ್ಲರೆ ಬದಲಿಗೆ ಬಂದ ಚಾಕೊಲೇಟಿನ ಎರಡು, ಹೀಗೆ ತಿಂಗಳಿಡೀ ಹೋದರೆ ಅದು ಮನೆಯ ಲೆಕ್ಕಕ್ಕೆ ಬರುತ್ತದೆ. ಆ ಚಾಕೊಲೇಟನ್ನು ಅದೇ ಅಂಗಡಿಗೆ ಹಣವೆಂದು ವಾಪಸು ಕೊಡಲಾಗುವುದಿಲ್ಲ.

‘ಫೋನಿನಲ್ಲೇ ಹಾಕಿಬಿಡಿ’ ಎಂಬುದು ಇದಕ್ಕೆಲ್ಲ ಸುಲಭದ ಉತ್ತರ. ಯುಪಿಐ ಕೋಟ್ಯಂತರ ಜನರ ಕೆಲಸ ಹಗುರ ಮಾಡಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ 2025ರ ಮಾರ್ಚ್ 26ರಂದು, ಮತ್ತೆ ಏಪ್ರಿಲ್ 12ರಂದು ಅದು ದೇಶದಾದ್ಯಂತ ಕೈಕೊಟ್ಟಿತು. ಅದೇ ಏಪ್ರಿಲ್ ಕೊನೆಗೆ ಸ್ಪೇನ್, ಪೋರ್ಚುಗಲ್‌ಗಳಲ್ಲಿ ವಿದ್ಯುತ್ ಪೂರ್ತಿ ಹೋದಾಗ ಕಾರ್ಡುಗಳು ನಿಂತವು, ಜೇಬಿನಲ್ಲಿ ಕಾಸಿದ್ದವರು ಬ್ರೆಡ್ಡು ನೀರು ಕೊಂಡರು. ಜುಲೈನಲ್ಲಿ ನಮ್ಮಲ್ಲೇ ಇನ್ನೊಂದು ನಡೆಯಿತು. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಲ್ಲಿ ಕ್ಯೂಆರ್ ಫಲಕಗಳು ಮಾಯವಾಗಿ ‘ನಗದು ಮಾತ್ರ’ ಎಂಬ ಚೀಟಿ ಅಂಟಿದವು. ತೆರಿಗೆಯ ಸರಿ ತಪ್ಪು ಬೇರೆ ವಿಷಯ. ಚಿಲ್ಲರೆಯ ಅಭ್ಯಾಸವೇ ತಪ್ಪಿದ್ದ ನಗರ ಒಂದೇ ವಾರದಲ್ಲಿ ಚಿಲ್ಲರೆಗೆ ಪರದಾಡಿತು. ಇನ್ನು ಮಲೆನಾಡಿನಲ್ಲಿ, ಕೊಡಗಿನಲ್ಲಿ ಆಷಾಢದ ಮಳೆಗೆ ಮರ ಬಿದ್ದು ತಂತಿ ಹರಿದರೆ ಕರೆಂಟಿಲ್ಲ, ಟವರಿಲ್ಲ, ದಿನಗಟ್ಟಲೆ ಹಾಗೆಯೇ. ಅಲ್ಲಿ ಸೀಮೆಣ್ಣೆಯಷ್ಟೇ ಮುಖ್ಯ ಮನೆಯಲ್ಲಿರುವ ಹತ್ತು, ಇಪ್ಪತ್ತರ ನೋಟುಗಳು.

ಸ್ಮಾರ್ಟ್‌ಫೋನ್ ಇಲ್ಲದ ವೃದ್ಧರು, ಬೆರಳಿನ ಸ್ಪರ್ಶದಿಂದಲೇ ನಾಣ್ಯ ಗುರುತಿಸುವ ದೃಷ್ಟಿಹೀನರು, ಗಂಡನಿಗೆ ತಿಳಿಯದಂತೆ ಡಬ್ಬಿಯಲ್ಲಿ ನಾಲ್ಕು ಕಾಸು ಕೂಡಿಡುವ ಹೆಂಗಸರು, ಇವರಿಗೆಲ್ಲ ಚಿಲ್ಲರೆಯ ಜಾಗದಲ್ಲಿ ಬೇರೇನೂ ಇಲ್ಲ. ನಗದನ್ನು ಯಾರೂ ನಿಷೇಧಿಸಬೇಕಾಗಿಲ್ಲ. ಚಿಲ್ಲರೆ ಸಿಗದಂತಾದರೆ ಸಾಕು, ಇವರ ಕೈಯಲ್ಲಿರುವ ಐನೂರರ ನೋಟು ಕೆಲಸಕ್ಕೆ ಬಾರದಂತಾಗುತ್ತದೆ.

ಪರಿಹಾರಕ್ಕೆ ಹೊಸ ಕಾನೂನು ಬೇಡ. ನಮ್ಮ ನಾಲ್ಕೂ ಸಾರಿಗೆ ನಿಗಮಗಳು, ನಂದಿನಿ ಮಳಿಗೆಗಳು, ಪಡಿತರ ಅಂಗಡಿಗಳು ‘ಹತ್ತು, ಇಪ್ಪತ್ತರ ನಾಣ್ಯ ಪಡೆಯುತ್ತೇವೆ’ ಎಂದು ದೊಡ್ಡಕ್ಷರದಲ್ಲಿ ಬರೆಸಿ ಹಾಗೆಯೇ ನಡೆದುಕೊಂಡರೆ ವದಂತಿಯ ಬೆನ್ನು ಮುರಿಯುತ್ತದೆ. ಸರ್ಕಾರವೇ ಇಸಿದುಕೊಳ್ಳುವುದನ್ನು ಅಂಗಡಿಯವರು ಬೇಡ ಎನ್ನಲಾರರು. ಮಲೆ ಮಹದೇಶ್ವರ ಬೆಟ್ಟ, ನಂಜನಗೂಡಿನಂಥ ಕ್ಷೇತ್ರಗಳಲ್ಲಿ ಹುಂಡಿ ಎಣಿಸಿದಾಗ ನಾಣ್ಯಗಳೇ ಲಕ್ಷಗಟ್ಟಲೆ ರೂಪಾಯಿಯಾಗುತ್ತವೆ. ಮುಜರಾಯಿ ಇಲಾಖೆ ಬ್ಯಾಂಕುಗಳೊಂದಿಗೆ ಮಾತಾಡಿ ಎಣಿಕೆಯ ಮರುದಿನವೇ ಅವು ಆಯಾ ತಾಲ್ಲೂಕಿನ ವ್ಯಾಪಾರಿಗಳಿಗೆ ಕಮಿಷನ್ ಇಲ್ಲದೆ ಸಿಗುವಂತೆ ಮಾಡಬಹುದು. ಪ್ರತಿ ಶಾಖೆಯಲ್ಲಿ ವಾರಕ್ಕೊಂದು ಹೊತ್ತು ನಾಣ್ಯಕ್ಕೆಂದೇ ಮೀಸಲಿಡಲಿ. ಮಲೆನಾಡು, ಕರಾವಳಿಯ ಜಿಲ್ಲಾಧಿಕಾರಿಗಳು ಮುಂಗಾರಿಗೆ ಮುಂಚೆ ನಡೆಸುವ ಸಿದ್ಧತಾ ಸಭೆಯಲ್ಲಿ ದೋಣಿ, ಜನರೇಟರುಗಳ ಪಟ್ಟಿಯ ಜೊತೆಗೆ ಆಯಾ ಹೋಬಳಿಯ ಬ್ಯಾಂಕುಗಳಲ್ಲಿ ಸಣ್ಣ ನೋಟು ಎಷ್ಟಿದೆ ಎಂಬುದನ್ನೂ ಕೇಳಿ ಬರೆಸಿಕೊಳ್ಳಬೇಕು. ಈ ವರ್ಷದ ಸಭೆಯಿಂದಲೇ ಅದು ಶುರುವಾಗಲಿ.