‘ಅಪರೂಪದ ಪದ’ ಯಾರಿಗೆ ಅಪರೂಪ?



ಹೆಜ್ಜೇನು, ಕೋಲುಜೇನು, ತಂಗಡಿ, ಕವಳಿ... ‘ಮರೆಯಾಗುತ್ತಿರುವ ಅಪರೂಪದ ಪದಗಳು’ ಅಂತ ಇಂಥ ಪಟ್ಟಿಗಳು ಫೇಸ್‌ಬುಕ್ಕಿನಾಗ ಓಡಾಡ್ತಾವ. ಕೆಳಗೆ ‘ಎಂಥ ಸಿರಿಗನ್ನಡ!’ ಅಂತ ಚಪ್ಪಾಳೆ. ಯಾರಿಗ್ರೀ ಅಪರೂಪ? ದರೋಜಿ ಕಡೆ ನಮ್ಮ ಕೇರಿಯ ಯಾವ ಅಜ್ಜಿನ್ನ ಕೇಳಿದ್ರೂ ಬಾಯಾಗಿನ ಎಲೆಅಡಿಕೆ ಉಗುಳೋದ್ರೊಳಗ ಹೇಳ್ತಾಳ.

ಹಿರಿದು ಜೇನು ಹೆಜ್ಜೇನು. ಹೆಮ್ಮರ, ಹೆದ್ದಾರಿ ಇದ್ದಂಗ. ವ್ಯಾಕರಣ ಅಲ್ಲಿಗೇ ನಿಲ್ತೈತಿ. ಬಂಡೆಗೆ ಕಟ್ಟಿದ ಆ ಹುಟ್ಟು ಬಿಡಿಸೋನಿಗೆ ‘ಹಿರಿದು’ ಅಂದ್ರೆ ಹಗ್ಗ ಎಷ್ಟುದ್ದ, ಹೊಗೆ ಎಷ್ಟು, ತಪ್ಪಿದ್ರ ಜೀವ ಉಳೀತೈತೋ ಇಲ್ಲೋ ಅನ್ನೋ ಲೆಕ್ಕ.

ತಂಗಡಿಗೆ ‘ಹಳದಿ ಹೂವಿನ ಪೊದೆ, ಸಂಸ್ಕೃತದಲ್ಲಿ ಆವರ್ತಕಿ’ ಅಂತ ಬರೆದು ಮುಗಿಸ್ತಾರ. ಅದರ ತೊಗಟೆ ಯಾಕ ಸುಲೀತಿದ್ರು? ತೊಗಲು ಹದ ಮಾಡಾಕ! ಇಂಗ್ಲಿಷರು ಕೂಡ ಅದನ್ನ ‘ಟ್ಯಾನರ್ಸ್ ಕ್ಯಾಸಿಯಾ’, ಅಂದ್ರೆ ತೊಗಲು ಹದ ಮಾಡೋರ ಗಿಡ ಅಂತ ಕರೆದ್ರು. ಸಮುದ್ರ ದಾಟಿ ಬಂದೋರ ಬಾಯಾಗ ನಮ್ಮ ಕಸುಬು ಉಳೀತು, ಪಟ್ಟಿ ಮಾಡೋ ನಮ್ಮೂರ ಪಂಡಿತರಿಗೆ ಅದು ವಾಸನೆ ಹೊಡೀತು.

‘ಮಧುಪರ್ಕ’, ‘ಪಂಚಾಮೃತ’ಕ್ಕೆ ಮಾತ್ರ ಪುಟಗಟ್ಟಲೆ ವಿವರಣೆ. ನೊಣದ ಹೊಟ್ಟೆಯಿಂದ ವಾಪಸ್ ಬಂದ ಜೇನು ದೇವರ ತಲೆ ಮೇಲೆ ಸುರಿದ್ರೆ ಮೈಲಿಗೆ ಇಲ್ಲ. ಅದನ್ನ ಇಳಿಸಿದ ಕೈ ಗುಡಿ ಹೊಸಿಲು ದಾಟಿದ್ರೆ ಮೈಲಿಗೆ.

ಇಷ್ಟೇ ಆಗಿದ್ರ ಬೈದು ಸುಮ್ಮನಾಗ್ತಿದ್ದೆ. 1994ರಲ್ಲಿ ಬಿಳಿಕಲ್ಲು ಕಾಡು ದರೋಜಿ ಕರಡಿಧಾಮ ಆಯ್ತು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಧಾಮದಿಂದ ಜೇನು ತರಂಗಿಲ್ಲ. ಕರಡಿ ಪ್ರವಾಸಿಗರ ಕಣ್ಣಿಗೆ ಬೀಳಲಿ ಅಂತ ಬಂಡೆಗೆ ಬೆಲ್ಲದ ಪಾಕ ಬಳೀತಾರ. ಕರಡಿ ಮೇಲೆ ನನಗ ಸಿಟ್ಟಿಲ್ಲ, ಅದೂ ನಮ್ಮಂಗ ಜೇನು ಹುಡುಕೋ ಜೀವ.

2006ರ ಅರಣ್ಯ ಹಕ್ಕು ಕಾಯ್ದೆ ಬಂತು. ಜೇನು, ಮೇಣ ಎರಡೂ ಕಿರು ಅರಣ್ಯ ಉತ್ಪನ್ನ, ಅದೂ ‘ಸಸ್ಯಮೂಲದ್ದು’ ಅಂತೈತಿ. (ನೊಣ ಬಿಟ್ಟು ಹೂವಿನ ಲೆಕ್ಕ ಹಿಡಿದಿರಬೇಕು!) ಧಾಮದ ನೆಲಕ್ಕೂ ಅದು ಅನ್ವಯ. ಆದ್ರ ಪರಿಶಿಷ್ಟ ಪಂಗಡಕ್ಕೆ ಸೇರದ ನಾವು, 2005ರ ಡಿಸೆಂಬರ್ 13ಕ್ಕೂ ಮುಂಚೆ ಮೂರು ತಲೆಮಾರು, ಅಂದ್ರೆ 75 ವರ್ಷ ಕಾಡು ನಂಬಿ ಬದುಕಿದ್ದಕ್ಕೆ ಸಾಕ್ಷ್ಯ ಕೊಡಬೇಕು. 1930ರ ಕಾಗದ! ಶಾಲಿ ಜಗಲಿ ಹತ್ತಾಕ ಬಿಡದ ಕಾಲದ ಕಾಗದ ಎಲ್ಲಿಂದ ತರೋದು?

ಅದೇ ಕಾಯ್ದೆಯ ನಿಯಮದಾಗ ಇನ್ನೊಂದು ಮಾತೈತಿ, ಯಾರೂ ಜೋರಾಗಿ ಹೇಳಲ್ಲ: ಹಿರಿಯರ ಹೇಳಿಕೆ ಬರೆದುಕೊಂಡ್ರೆ ಅದೂ ಒಂದು ಸಾಕ್ಷ್ಯ. ಯಾವ ಬಂಡೆಗೆ ಯಾವ ಜೇನು, ಯಾವ ಗಿಡ ಹೂ ಬಿಟ್ಟಾಗ ಹುಟ್ಟು ತುಂಬ್ತೈತಿ, ಇದನ್ನ ಕಾಡಿನಾಗ ಬದುಕದೇ ಹೇಳಾಕ ಆಗ್ತೈತೇನು? ಅಕ್ಷರ ಬಾರದ ಬುಡ್ಗಜಂಗಮರ ದರೋಜಿ ಈರಮ್ಮ ಬುರ್ರಕಥೆಯ ಮಹಾಕಾವ್ಯಗಳನ್ನೇ ತಲೆಯಾಗ ಇಟ್ಕೊಂಡಿದ್ರು. ಆ ನೆನಪಿಗೆ ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಡ್ತು. ನಮ್ಮಜ್ಜಿ ನೆನಪಿಗೆ ಮಾತ್ರ ‘ಕಾಗದ ತಾ’ ಅಂತಾರ.

ಪದ ಸಂಗ್ರಹಿಸೋ ಅಣ್ಣಾರ, ಅಕ್ಕಾರ, ಬರ್ರಿ, ಚಾ ಕುಡಿಸ್ತೀವಿ. ಪದದ ಪಕ್ಕ ಹೇಳಿದೋರ ಹೆಸರು, ವಯಸ್ಸು, ಯಾವ ಗುಡ್ಡ, ಯಾರ ಜೊತಿ ಹೋಗಿದ್ರು, ಎಲ್ಲಾ ಬರೀರಿ. ಹೆಬ್ಬೆಟ್ಟು ಒತ್ತಿಸ್ರಿ. ಮೊದಲ ಪ್ರತಿ ಊರಿನ ಅರಣ್ಯ ಹಕ್ಕು ಸಮಿತಿಗೆ ಕೊಡ್ರಿ. ಆಮೇಲೆ ಬೇಕಾದ್ರ ಫೇಸ್‌ಬುಕ್ಕಿಗೆ ಹಾಕ್ಕೊಳ್ರಿ.